ಮಸಾಲೆ ಸುರಿದರೆ ಜಿನ್ ಆಗುವುದಿಲ್ಲ

ಕಳೆದ ಎರಡು ಸಂಚಿಕೆಗಳ ವಾಚಕರ ಪತ್ರಗಳಲ್ಲಿ ನಡೆದ ಜಿನ್ ಜಗಳವನ್ನು ನಾವು ಓದಿದ್ದೇವೆ. ಹಿರಿಯರೊಬ್ಬರು, ಕನ್ನಡ ಸಂಘದ ಪತ್ರಿಕೆಯಲ್ಲಿ ಮದ್ಯದ ಹೆಸರು ಅಚ್ಚಾದದ್ದೇ ಅನಾಚಾರವೆಂದು ಬರೆದರು. ಅದಕ್ಕೆ ಉತ್ತರವಾಗಿ ಯುವ ವಾಚಕರೊಬ್ಬರು, ಈಗ ಗೋವದಲ್ಲಿ ತಯಾರಾಗುತ್ತಿರುವ ಹೊಸ ಜಿನ್ನುಗಳಲ್ಲಿ ಏಲಕ್ಕಿ, ಮೆಣಸು, ಜಾಪತ್ರೆಗಳೆಲ್ಲ ಇರುವುದರಿಂದ ಅದು ನಮ್ಮ ಅಡಿಗೆಮನೆಯ ದಿಗ್ವಿಜಯವೆಂದೂ, ಮಸಾಲೆ ಎಷ್ಟು ಹೆಚ್ಚೋ ಜಿನ್ ಅಷ್ಟು ಭಾರತೀಯವೆಂದೂ ಬರೆದರು. ಒಬ್ಬರು ಮೂಗು ಮುಚ್ಚಿಕೊಂಡರು, ಇನ್ನೊಬ್ಬರು ಎದೆ ತಟ್ಟಿಕೊಂಡರು. ಸೀಸೆಯ ಬಿರಡೆ ತೆಗೆದು ಒಮ್ಮೆ ಮೂಸಿ ನೋಡುವ ಕಷ್ಟವನ್ನು ಇಬ್ಬರೂ ತೆಗೆದುಕೊಂಡಂತೆ ಕಾಣುವುದಿಲ್ಲ.

ನಾವು ಯಾರೆಂದು ಮೊದಲು ಹೇಳಿಬಿಡುತ್ತೇವೆ. ಮುಂಬಯಿಯ ಪರ್ಮಿಟ್ ರೂಮುಗಳ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತು ಮೂವತ್ತೈದು ವರ್ಷ ಕುಳಿತ ನಾಲ್ಕೈದು ಮಂದಿ. ನಮ್ಮ ಹಿರಿಯರು ಕುಂದಾಪುರ, ಉಡುಪಿಯ ಕಡೆಯಿಂದ ಬಂದು, ಹಗಲು ಹೊಟೇಲಿನಲ್ಲಿ ಕಪ್ಪು ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಇಡ್ಲಿ, ದೋಸೆ ಮಾರುತ್ತಿದ್ದವರು ಯಾವಾಗ ಬಿಯರು, ಬ್ರಾಂದಿ ಮಾರತೊಡಗಿದರು ಎಂಬುದು ದೊಡ್ಡ ಕಥೆ, ಇಲ್ಲಿ ಬೇಡ. ಆದರೆ ಈ ಊರಿನ ಬಾರುಗಳಲ್ಲಿ ನಮ್ಮವರದ್ದು ಎಷ್ಟು ಪಾಲು ಎಂಬುದನ್ನು ಸಂಘದ ಯಾವ ಸದಸ್ಯನಿಗೂ ಹೇಳಿಕೊಡಬೇಕಾಗಿಲ್ಲ. ವಾರ್ಷಿಕೋತ್ಸವದ ಸ್ಮರಣ ಸಂಚಿಕೆಯ ಜಾಹೀರಾತು ಪುಟಗಳನ್ನು ತಿರುವಿದರೆ ಸಾಕು. ‘ಶುಭ ಕೋರುವವರು’ ಎಂದು ಅಚ್ಚಾಗುವ ಹೊಟೇಲುಗಳಲ್ಲಿ ಬರೇ ಕಾಪಿ, ಉಪ್ಪಿಟ್ಟು ಮಾರುವವು ಎಷ್ಟು, ಎಣಿಸಿ ನೋಡಿ. ನಮ್ಮ ದುಡ್ಡಿನಲ್ಲಿ ಯಕ್ಷಗಾನದ ಮೇಳ ಬರುತ್ತದೆ, ಮಕ್ಕಳಿಗೆ ನೋಟುಪುಸ್ತಕ ಹಂಚಲಾಗುತ್ತದೆ. ನಮ್ಮ ಕಸುಬಿನ ಮಾತು ಮಾತ್ರ ವೇದಿಕೆ ಹತ್ತಬಾರದು.

ಈ ಪತ್ರಜಗಳದ ಹಿಂದೆ ಒಂದು ಸಂಗತಿಯಿದೆ, ಪತ್ರ ಬರೆದ ಇಬ್ಬರಿಗೂ ಅದು ತಿಳಿದಿರಲಾರದು. ನಮ್ಮವರೇ ಒಬ್ಬರ ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಗೋವದ ಒಂದು ಭಟ್ಟಿಯಲ್ಲಿ ಕೆಲಸಕ್ಕಿದ್ದಾಳೆ. ಜಿನ್ನಿಗೆ ಹಾಕುವ ಕಾಯಿ, ಬೀಜ, ಬೇರು, ಸಿಪ್ಪೆಗಳನ್ನು ಆರಿಸುವುದು, ಅಳೆಯುವುದು, ಭಟ್ಟಿಯಿಂದ ಇಳಿದದ್ದನ್ನು ಮೂಸಿ ಎಲ್ಲಿ ಕಡಿಯಬೇಕೆಂದು ಹೇಳುವುದು ಅವಳ ಕೆಲಸ. ಆಕೆ ಒಂದು ಸಂಘದ ಮಹಿಳಾ ವಿಭಾಗದವರನ್ನು ಕೇಳಿದಳು: ‘ಪರಿಮಳ ಹೇಗೆ ಹುಟ್ಟುತ್ತದೆ’ ಎಂಬ ವಿಷಯದ ಮೇಲೆ ಒಂದು ಸಂಜೆ ಮಾತಾಡುತ್ತೇನೆ, ಕುಡಿಯುವ ಕುಡಿಸುವ ಪ್ರಶ್ನೆಯಿಲ್ಲ, ಕೊತ್ತಂಬರಿ, ಕಿತ್ತಳೆ ಸಿಪ್ಪೆ, ಏಲಕ್ಕಿ ಇಟ್ಟುಕೊಂಡು ಮಾತು. ಮೊದಲು ಒಪ್ಪಿದರು. ವಿಷಯ ಯಾವ ಭಟ್ಟಿಯದೆಂದು ತಿಳಿದ ಮೇಲೆ, ‘ಮನೆತನದ ಹೆಣ್ಣುಮಗಳು ಹೇಳಿಕೊಳ್ಳುವ ಉದ್ಯೋಗವೇ ಇದು’ ಎಂದು ಕೇಳಿ ಕಳಿಸಿದರು. ಕೇಳಿದವರಲ್ಲಿ ಇಬ್ಬರ ಗಂಡಂದಿರು ಬಾರಿನ ಮಾಲಿಕರು. ಆ ಸಂಘದ ಹೆಸರು ಇಲ್ಲಿ ಅನಾವಶ್ಯಕ.

ಮರುದಿನ ಮಧ್ಯಾಹ್ನ, ಊಟದ ಗಿರಾಕಿಗಳೆಲ್ಲ ಹೋದಮೇಲೆ, ಆಕೆ ನಮ್ಮ ಗಲ್ಲೆಗೆ ಬಂದಳು. ಕೈಯಲ್ಲಿ ಒಂದು ಪೆಟ್ಟಿಗೆ. ಒಳಗೆ ಔಷಧಿಯ ಸೀಸೆಯಂಥ ಎಂಟು ಹತ್ತು ಸಣ್ಣ ಸೀಸೆಗಳು. ಒಂದೊಂದರಲ್ಲಿ ಒಂದೊಂದೇ ದ್ರವ್ಯವನ್ನು ಹಾಕಿ ಇಳಿಸಿದ ಸಾರ. ‘ಮಾಮ, ಕುಡಿಯುವುದು ಬೇಡ, ಮೂಸಿ ನೋಡಿ ಸಾಕು’ ಎಂದಳು. ಮೂವತ್ತು ವರ್ಷ ಜಿನ್ ಮಾರಿದ ನಮಗೆ ಜಿನ್ ಎಂದರೇನೆಂದು ತಿಳಿದದ್ದು ಆ ಮಧ್ಯಾಹ್ನ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇವೆ.

ಮೊದಲನೆಯದು ಜೂನಿಪರ್. ಇದಿಲ್ಲದೆ ಜಿನ್ ಇಲ್ಲ. ಹೆಸರು ಬಂದದ್ದೇ ಆ ಕಾಯಿಯಿಂದ, ಡಚ್ಚರ ಜೆನೆವರ್ ಎಂಬ ಮಾತಿನ ಮೂಲಕ. ಕಾಯಿ ಎನ್ನುತ್ತೇವೆ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಪೈನ್ ಮರದ ಶಂಕುವಿನ ಜಾತಿಗೆ ಸೇರಿದ್ದು, ತಿರುಳು ತುಂಬಿಕೊಂಡು ಹಣ್ಣಿನಂತೆ ಕಾಣುತ್ತದೆ ಅಷ್ಟೆ. ಹಸುರಿನಿಂದ ನೀಲಿಗೆ ಮಾಗಲು ಒಂದೂವರೆ ಎರಡು ವರ್ಷವಾದರೂ ಬೇಕು. ಇಟಲಿಯ ಟಸ್ಕನಿಯಲ್ಲಿ, ಮ್ಯಾಸಿಡೋನಿಯದ ಕಡೆ ಕಾಡಿನಲ್ಲಿ ಬೆಳೆಯುತ್ತದೆ. ನಮ್ಮ ಹಿಮಾಲಯದಲ್ಲೂ ಅದರ ಬಂಧುಗಳಿವೆ, ಆಯುರ್ವೇದದವರು ಹಪುಷಾ ಎನ್ನುವುದು ಅದನ್ನೇ. ಮೂಸಿದರೆ ಪೈನ್ ಮರದ ಅಂಟು, ಅದರ ಹಿಂದೆ ಸ್ವಲ್ಪ ಕಿತ್ತಳೆ ಸಿಪ್ಪೆ, ಇನ್ನೂ ಹಿಂದೆ ಹಸಿಮೆಣಸಿನ ಕಾಳು. ಒಂದೇ ಕಾಯಿಯಲ್ಲಿ ಮೂರು.

ಎರಡನೆಯದನ್ನು ಮೂಸಿ, ಇದು ನಿಂಬೆಯ ಹೂವೇ ಎಂದು ಕೇಳಿದೆವು. ನಕ್ಕಳು. ‘ಕೊತ್ತಂಬರಿ ಬೀಜ, ಮಾಮ.’ ನಂಬಲಿಲ್ಲ. ಕೊತ್ತಂಬರಿ ಎಂದರೆ ನಮ್ಮ ಮೂಗಿಗೆ ಬರುವುದು ಸಾರಿನ ಪುಡಿಗೆ ಹುರಿಯುವಾಗಿನ ಘಮ. ಅದು ಬೆಂಕಿ ಮಾಡಿದ ಕೆಲಸವಂತೆ. ಹುರಿಯದ ಕಾಳಿನ ಎಣ್ಣೆಯಲ್ಲಿ ಮುಖ್ಯವಾಗಿ ಇರುವುದು ಲಿನಲೂಲ್ ಎಂಬ ವಸ್ತು, ಹೂವಿನ ಪರಿಮಳದ್ದು. ಜಿನ್ನಿನಲ್ಲಿ ಜೂನಿಪರಿನ ನಂತರದ ಸ್ಥಾನ ಕೊತ್ತಂಬರಿಗೇ. ಅದರಲ್ಲೂ ಭೇದವುಂಟು. ರಷ್ಯ, ಪೂರ್ವ ಯುರೋಪಿನ ಸಣ್ಣ ಗುಂಡುಕಾಳಿನಲ್ಲಿ ಎಣ್ಣೆ ನೂರಕ್ಕೆ ಒಂದರ ಆಸುಪಾಸು ಇರುತ್ತದೆ. ನಮ್ಮ ದೇಶದ ಉದ್ದನೆಯ ದಪ್ಪಕಾಳಿನಲ್ಲಿ ಅದರ ಮೂರನೆಯ ಒಂದು ಭಾಗವೂ ಕಷ್ಟ. ನಮ್ಮ ಕಾಳು ಸೌಮ್ಯ. ಅದೇ ಅಳತೆ ಹಾಕಿ ಅದೇ ಫಲ ಬರಲೆಂದರೆ ಬರುವುದಿಲ್ಲ. ಮಂಗಳೂರಿನ ಮೆಣಸಿನಕಾಯಿಯ ಲೆಕ್ಕದಲ್ಲಿ ಬ್ಯಾಡಗಿ ಹಾಕಿದ ಹಾಗೆ.

ಮೂರನೆಯದು ಬೇರುಗಳು: ಆಂಜೆಲಿಕ, ಐರಿಸ್ ಗೆಡ್ಡೆ. ಮಳೆ ಬಿದ್ದ ಮಣ್ಣು, ಹಳೆ ಮರದ ಪೆಟ್ಟಿಗೆಯ ವಾಸನೆ. ಐರಿಸ್ ಗೆಡ್ಡೆಯನ್ನು ಅಗೆದು ತೆಗೆದು ಎರಡು ಮೂರು ವರ್ಷ ಒಣಗಿಸಿಡಬೇಕು, ಆಮೇಲಷ್ಟೇ ಅದಕ್ಕೆ ಪರಿಮಳ. ಇವುಗಳನ್ನು ಯಾರೂ ಮೂಸಿ ‘ಆಹಾ’ ಎನ್ನುವುದಿಲ್ಲ. ಆದರೆ ಇವಿಲ್ಲದ ಜಿನ್ನು ಮೂಗಿನಲ್ಲಿ ಮಿಂಚಿ ಮಾಯವಾಗುತ್ತದೆ. ಮೇಲಿನ ಪರಿಮಳಗಳಿಗೆ ಕಾಲೂರಲು ಇವೇ ನೆಲವೆಂದು ಕಸುಬಿನವರ ನಂಬಿಕೆ. ಸಾರಿಗೆ ಹಿಂಗು ಹೇಗೋ ಹಾಗೆ.

ನಾಲ್ಕನೆಯ ಸೀಸೆಯಲ್ಲಿ ನಮ್ಮ ಕಾಳುಮೆಣಸು. ಇಲ್ಲಿ ಒಂದು ಪರೀಕ್ಷೆ ಮಾಡಿದಳು. ಬೆರಳ ತುದಿಯಲ್ಲಿ ಒಂದು ಹನಿ ನಾಲಿಗೆಗೆ ಮುಟ್ಟಿಸಿಕೊಳ್ಳಿ ಎಂದಳು. ಮೂಗಿಗೆ ಮೆಣಸು, ನಾಲಿಗೆಗೆ ಖಾರವೇ ಇಲ್ಲ! ಮೆಣಸಿನ ಖಾರ ಪೈಪರಿನ್ ಎಂಬ ವಸ್ತುವಿನದು, ಅದು ಹಬೆಯೊಡನೆ ಏಳುವುದಿಲ್ಲ, ಹಂಡೆಯ ತಳದಲ್ಲೇ ಕುಳಿತಿರುತ್ತದೆ. ಮೆಣಸಿನ ಸಾರು ಕುದಿಯುವಾಗ ಮನೆಯೆಲ್ಲ ಘಮ್ಮೆನ್ನುತ್ತದಷ್ಟೆ. ಆ ಹಬೆ ನಾಲಿಗೆಗೆ ಖಾರ ಮುಟ್ಟಿಸುವುದಿಲ್ಲ, ಖಾರ ಪಾತ್ರೆಯಲ್ಲಿದೆ. ಹಾಗೆಯೇ ಜ್ಯೇಷ್ಠಮಧುವಿನ ಸಿಹಿ ಹಬೆಗೆ ಏರುವುದಿಲ್ಲ. ಮುರುಗಲಿನ ಹುಳಿಯಾಗಲಿ, ಅದರ ಕೆಂಪಾಗಲಿ ಏರುವುದಿಲ್ಲ. ಉಪ್ಪು, ಬೆಲ್ಲ, ಬಣ್ಣ ಯಾವುದೂ ಏರುವುದಿಲ್ಲ. ಹಾರುವ ಎಣ್ಣೆ ಮಾತ್ರ ಹಬೆಯ ಗಾಡಿ ಹತ್ತುತ್ತದೆ, ಉಳಿದವರೆಲ್ಲ ಪ್ಲಾಟ್‌ಫಾರಂನಲ್ಲಿ.

ನಮ್ಮ ಯುವ ವಾಚಕರು ಇದನ್ನು ದಯವಿಟ್ಟು ಗಮನಿಸಬೇಕು. ಲೇಬಲಿನ ಮೇಲೆ ಹದಿನಾರು ಸಾಮಾನಿನ ಹೆಸರು ಹಾಕಿದೊಡನೆ ಹದಿನಾರೂ ಸೀಸೆಯೊಳಗೆ ಬಂದಂತಾಯಿತೇ? ಕೆಲವು ಬಂದಿರುತ್ತವೆ, ಕೆಲವು ತಮ್ಮ ಗುಣವನ್ನೆಲ್ಲ ಹಂಡೆಯಲ್ಲಿ ಬಿಟ್ಟು ಹೆಸರನ್ನು ಮಾತ್ರ ಲೇಬಲಿಗೆ ಕಳಿಸಿರುತ್ತವೆ. ಮದುವೆ ಕಾಗದದ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಅಚ್ಚಾದ ನಲವತ್ತು ಹೆಸರುಗಳ ಹಾಗೆ. ಚಪ್ಪರಕ್ಕೆ ಬಂದು ದುಡಿದವರು ಯಾರೆಂದು ಮನೆಯವರಿಗೆ ಗೊತ್ತು.

ಸಂಖ್ಯೆಯೇ ದೊಡ್ಡಸ್ತಿಕೆಯೆಂದರೆ ಜರ್ಮನಿಯ ಕಪ್ಪು ಕಾಡಿನ ಮಂಕಿ ೪೭ ಎಂಬ ಜಿನ್ನಿನಲ್ಲಿ ನಲವತ್ತೇಳು ದ್ರವ್ಯಗಳುಂಟು. ಅದರ ಅಭಿಮಾನಿಗಳಿದ್ದಾರೆ, ಇರಲಿ. ಆದರೆ ೧೮೩೦ರಿಂದ ಬಂದ ಟ್ಯಾಂಕರೆಯಲ್ಲಿ ಇರುವುದು ನಾಲ್ಕೇ: ಜೂನಿಪರ್, ಕೊತ್ತಂಬರಿ, ಆಂಜೆಲಿಕ ಬೇರು, ಜ್ಯೇಷ್ಠಮಧು. ನಾಲ್ಕು ಸಾಮಾನಿನಲ್ಲಿ ಇನ್ನೂರು ವರ್ಷ ಸಂಸಾರ ನಡೆಸಿದವರ ಮುಂದೆ ನಾವು ಅಂಗಡಿಯ ಡಬ್ಬಗಳನ್ನೆಲ್ಲ ಮಗುಚಿ ‘ನೋಡಿ ನಮ್ಮ ಸಿರಿ’ ಎನ್ನುವುದು ಹೊಸ ಸಾಹುಕಾರನ ಲಕ್ಷಣ.

ಹೊಟೇಲಿನವರಾದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೀನು ತಾಜಾ ಇದ್ದ ದಿನ ಭಟ್ಟರು ಮಸಾಲೆಗೆ ಕೈ ಹಿಡಿಯುತ್ತಾರೆ. ಉಪ್ಪು, ಅರಿಶಿನ, ಒಂದಿಷ್ಟು ಮೆಣಸು, ಹುಳಿ ಸಾಕು. ಮೀನು ನಿನ್ನೆಯದಾದರೆ ಮಸಾಲೆ ಏರುತ್ತದೆ. ಎಷ್ಟು ಹಳತೋ ಅಷ್ಟು ಏರುತ್ತದೆ. (ಇದನ್ನು ಬರೆದದ್ದಕ್ಕೆ ನಮ್ಮ ಹೊಟೇಲು ಬಂಧುಗಳು ಸಿಟ್ಟಾಗಬಾರದು.) ಜಿನ್ನಿನ ಚರಿತ್ರೆಯೂ ಇದೇ. ಹದಿನೆಂಟನೆಯ ಶತಮಾನದ ಲಂಡನಿನಲ್ಲಿ ಮದ್ಯಸಾರ ಎಂಬುದು ಕೊಳಕು. ಆ ಕೊಳಕಿನ ನಾತ ಮುಚ್ಚಲು ಸಕ್ಕರೆ ಸುರಿದರು, ಗಾಢ ಮಸಾಲೆ ಸುರಿದರು, ಹಲವರು ಜೂನಿಪರಿನ ಬದಲು ಟರ್ಪೆಂಟೈನ್ ಎಣ್ಣೆಯನ್ನೇ ಹಾಕಿದರು. ೧೮೩೦ರಲ್ಲಿ ಈನಿಯಸ್ ಕಾಫಿ ಎಂಬ ಐರ್ಲೆಂಡಿನ ಮಾಜಿ ಅಬಕಾರಿ ಅಧಿಕಾರಿ ಕಂಬದಂಥ ಭಟ್ಟಿಯೊಂದಕ್ಕೆ ಪೇಟೆಂಟು ಪಡೆದ. ಅದರಿಂದ ನಾತವಿಲ್ಲದ ಶುದ್ಧ ಮದ್ಯಸಾರ ಇಳಿಯತೊಡಗಿತು. ಮುಚ್ಚುವುದಕ್ಕೆ ಏನೂ ಉಳಿಯದಾದಾಗ ಸಕ್ಕರೆಯೂ ಬೇಡವಾಯಿತು, ಮಸಾಲೆಯ ಹೊರೆಯೂ ಬೇಡವಾಯಿತು. ಆಗ ಹುಟ್ಟಿದ್ದು ಹಗುರಾದ ಒಣ ಜಿನ್ನು, ಲಂಡನ್ ಡ್ರೈ. ಹಗುರ ಎಂದರೆ ಸಪ್ಪೆ ಎಂದು ತಿಳಿಯುವವರಿಗೆ ಈ ಚರಿತ್ರೆ ಗೊತ್ತಿಲ್ಲ. ಮುಚ್ಚಿಡಲು ಏನೂ ಇಲ್ಲದವನು ಮಾತ್ರ ಹಗುರಾಗಿ ಮಾಡಬಲ್ಲ.

ಯುರೋಪಿನವರು ಇದನ್ನು ಕಾನೂನಾಗಿಯೇ ಬರೆದಿಟ್ಟಿದ್ದಾರೆ. ಜಿನ್ನಿನಲ್ಲಿ ಜೂನಿಪರಿನ ರುಚಿ ಮುಂದಿರಬೇಕು, ಮದ್ಯಸಾರ ನೂರಕ್ಕೆ ೩೭.೫ಕ್ಕೆ ಕಡಿಮೆಯಿರಬಾರದು. ಲಂಡನ್ ಜಿನ್ ಎಂದು ಬರೆಯಬೇಕಾದರೆ ದ್ರವ್ಯಗಳೆಲ್ಲ ಭಟ್ಟಿಯಲ್ಲೇ ಕೂಡಿ ಇಳಿಯಬೇಕು, ಇಳಿಸಿದ ಮೇಲೆ ಪರಿಮಳವಾಗಲಿ ಬಣ್ಣವಾಗಲಿ ಸೇರಿಸುವಂತಿಲ್ಲ, ಸಿಹಿ ಲೀಟರಿಗೆ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ ಮೀರುವಂತಿಲ್ಲ. ಲಂಡನಿನಲ್ಲೇ ಮಾಡಬೇಕೆಂದಿಲ್ಲ, ಗೋವದಲ್ಲೂ ಮಾಡಬಹುದು. ಅದು ಊರಿನ ಹೆಸರಿಗಿಂತ ಮಡಿಯ ಹೆಸರು.

ಇನ್ನು ಆ ಏಲಕ್ಕಿಯ ವಿಷಯ. ಯುವ ವಾಚಕರು ಮಲೆನಾಡಿನ ಏಲಕ್ಕಿಯ ಬಗ್ಗೆ ಉಬ್ಬಿ ಬರೆದಿದ್ದಾರೆ, ನಮಗೂ ಅಭಿಮಾನವಿದೆ. ಆದರೆ ಅಭಿಮಾನ ಬೇರೆ, ಅಳತೆ ಬೇರೆ. ಕೊಡಗು, ಹಾಸನ, ಚಿಕ್ಕಮಗಳೂರು, ಉತ್ತರ ಕನ್ನಡದಲ್ಲಿ ಬೆಳೆಯುವುದು ಬಹುಪಾಲು ಮಲಬಾರ್ ಎಂಬ ತಳಿ, ಗೊನೆ ನೆಲಕ್ಕೆ ಹಬ್ಬುವಂಥದು. ಮೈಸೂರು ಎಂಬ ಹೆಸರಿನ ತಳಿ, ಗೊನೆ ನೆಟ್ಟಗೆ ನಿಲ್ಲುವಂಥದು, ಬೆಳೆಯುವುದು ಹೆಚ್ಚಾಗಿ ಕೇರಳ, ತಮಿಳುನಾಡಿನ ಎತ್ತರದ ತೋಟಗಳಲ್ಲಿ. (ಹೆಸರು ನಮ್ಮದು, ತೋಟ ಅವರದು!) ನಮ್ಮ ಮಲಬಾರ್ ತಳಿಯಲ್ಲಿ ಸಿನಿಯೋಲ್ ಎಂಬ ಕರ್ಪೂರದ ಘಾಟು ಮುಂದು. ಪಾಯಸಕ್ಕೆ ಅದು ಚೆಂದ, ಹಾಲು ತುಪ್ಪ ಅದನ್ನು ಹಿಡಿದುಕೊಳ್ಳುತ್ತವೆ. ಭಟ್ಟಿಯಲ್ಲಿ ಹಿಡಿದುಕೊಳ್ಳುವವರು ಯಾರೂ ಇಲ್ಲ. ಒಂದು ಚಿಟಿಕೆ ಹೆಚ್ಚಾದರೆ ಜೂನಿಪರ್ ಸತ್ತುಹೋಗಿ ಸೀಸೆಯಲ್ಲಿ ನೆಗಡಿಯ ಮುಲಾಮು ಉಳಿಯುತ್ತದೆ. ಆಕೆಯ ಪೆಟ್ಟಿಗೆಯಲ್ಲಿ ಅಂಥದೊಂದು ಸೀಸೆಯೂ ಇತ್ತು. ತಾನೇ ಹಾಳುಮಾಡಿದ್ದಂತೆ, ಬಿಸಾಡದೆ ಇಟ್ಟುಕೊಂಡಿದ್ದಾಳೆ.

ಜಿನ್ನಿನಲ್ಲಿ ಸಾಮಾನ್ಯವಾಗಿ ತೂಕದ ಅರ್ಧದಷ್ಟು ಅಥವಾ ಹೆಚ್ಚು ಜೂನಿಪರೇ. ಅದರ ಹಿಂದೆ ಕೊತ್ತಂಬರಿ. ಬೇರು, ಸಿಪ್ಪೆ ಆಮೇಲೆ. ಏಲಕ್ಕಿ, ದಾಲ್ಚಿನ್ನಿ, ಲವಂಗ, ಚಕ್ರಮೊಗ್ಗು ಇವೆಲ್ಲ ಗಂಟಲು ದೊಡ್ಡದಿರುವ ಜನ. ಪಂಕ್ತಿಯ ಕೊನೆಗೆ ಕೂರಿಸಬೇಕು. ನಮ್ಮ ಮನೆಗಳಲ್ಲಿ ಸಾರಿನ ಪುಡಿ ಮಾಡುವ ಅಜ್ಜಿಯಂದಿರಿಗೆ ಇದನ್ನು ಹೇಳಿಕೊಡಬೇಕೇ? ಕೊತ್ತಂಬರಿ ಸೇರಿನಲ್ಲಿ, ಮೆಂತ್ಯ ಬೆರಳಿನಲ್ಲಿ. ಮೆಂತ್ಯ ಒಳ್ಳೆಯದೆಂದು ಸೇರು ಹಾಕಿದ ಸೊಸೆಯನ್ನು ಊರೆಲ್ಲ ಆಡಿಕೊಂಡೀತು. ಅದೇ ಕೆಲಸವನ್ನು ಜಿನ್ನಿನಲ್ಲಿ ಮಾಡಿ ‘ಭಾರತೀಯ’ ಎಂದು ಬರೆದರೆ ಬಹುಮಾನ ಕೊಡಬೇಕಂತೆ.

ಹಾಕುವ ಕ್ರಮದಲ್ಲೂ ಹಗುರ, ಭಾರ ಇದೆ. ಬೀಫೀಟರಿನವರು ಕಾಯಿ, ಬೇರು, ಸಿಪ್ಪೆಗಳನ್ನು ಮದ್ಯಸಾರದಲ್ಲಿ ಒಂದು ದಿನ ಪೂರ್ತಿ ನೆನೆಹಾಕಿ ಆಮೇಲೆ ಬೆಂಕಿ ಕೊಡುತ್ತಾರೆ. ರುಚಿ ತುಂಬಿಕೊಂಡು ಬರುತ್ತದೆ. ಬಾಂಬೆ ಸಫೈರಿನವರ ದಾರಿ ಬೇರೆ. ದ್ರವ್ಯಗಳನ್ನು ತೂತುಗಳಿರುವ ತಾಮ್ರದ ಬುಟ್ಟಿಯಲ್ಲಿಟ್ಟು ಮೇಲೆ ತೂಗಿಸಿ, ಕೆಳಗಿನಿಂದ ಏಳುವ ಹಬೆಯನ್ನು ಅದರ ಮೂಲಕ ಹಾಯಿಸುತ್ತಾರೆ. ಇದು ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಹಲಸಿನ ಎಲೆಯ ಕೊಟ್ಟೆಯಲ್ಲಿ ಹಿಟ್ಟು ಹೊಯ್ದು ಕಡುಬು ಬೇಯಿಸುವಾಗ, ಅರಿಶಿನ ಎಲೆಯಲ್ಲಿ ಸಿಹಿಕಡುಬು ಮಡಚಿಡುವಾಗ ಹಬೆಯೇ ಎಲೆಯ ಪರಿಮಳವನ್ನು ಎತ್ತಿ ಹಿಟ್ಟಿಗೆ ಕೊಡುತ್ತದೆ. ಅದೇ ಎಲೆಯನ್ನು ನೀರಿನಲ್ಲಿ ಹಾಕಿ ಕುದಿಸಿ ನೋಡಿ, ಕಹಿ ಕಷಾಯ. ಬೇರಿಗೆ, ತೊಗಟೆಗೆ ನೆನೆಯುವುದೇ ಒಳ್ಳೆಯದು; ಹೂವಿಗೆ, ತೆಳು ಸಿಪ್ಪೆಗೆ ಹಬೆಯೇ ಒಳ್ಳೆಯದು.

ಇಳಿಯುವಾಗಲೂ ಎಲ್ಲ ಒಟ್ಟಿಗೆ ಇಳಿಯುವುದಿಲ್ಲ. ಮೊದಲು ಕಿತ್ತಳೆ, ನಿಂಬೆ ಸಿಪ್ಪೆಯ ಚುರುಕು, ಆಮೇಲೆ ಜೂನಿಪರ್, ಕೊತ್ತಂಬರಿ. ಕೊನೆಗೆ ಬೇರು, ತೊಗಟೆ. ಇನ್ನೂ ಬಿಟ್ಟರೆ ಬೆಂದು ಹಳಸಿದ ಸೊಪ್ಪಿನ ವಾಸನೆ ಬರತೊಡಗುತ್ತದೆ. ಆ ವಾಸನೆ ಶುರುವಾಗುವ ಮೊದಲು ಕಡಿಯಬೇಕು. ಯಂತ್ರವಿದೆ, ಉಷ್ಣಮಾಪಕವಿದೆ, ಆದರೂ ಕೊನೆಯ ತೀರ್ಮಾನ ಮೂಗಿನದೇ. ‘ಮನೆತನದ ಹೆಣ್ಣುಮಗಳು ಹೇಳಿಕೊಳ್ಳುವ ಉದ್ಯೋಗವೇ’ ಎಂದು ಕೇಳಿದ ಮಹನೀಯರು, ತಮ್ಮ ಮನೆಯ ತುಪ್ಪ ಕಾಯಿಸುವಾಗ ಯಾವ ಕ್ಷಣದಲ್ಲಿ ಒಲೆಯಿಂದ ಇಳಿಸಬೇಕೆಂದು ಯಾರ ಮೂಗು ಹೇಳುತ್ತದೆಂಬುದನ್ನು ಒಮ್ಮೆ ವಿಚಾರಿಸಿಕೊಳ್ಳಲಿ.

ಬಾಂಬೆ ಸಫೈರಿನ ಮಾತು ಬಂತು, ಮುಂಬಯಿಯವರಾದ ನಾವು ಅದನ್ನು ಸುಮ್ಮನೆ ದಾಟಲಾರೆವು. ೧೯೮೭ರಲ್ಲಿ ಪೇಟೆಗೆ ಬಂದ ಆ ನೀಲಿ ಸೀಸೆಯ ಮೇಲೆ ನಮ್ಮ ಊರಿನ ಹೆಸರು. ತಯಾರಾಗುವುದು ಇಂಗ್ಲೆಂಡಿನಲ್ಲಿ. ಒಳಗಿನ ಹತ್ತು ದ್ರವ್ಯಗಳಲ್ಲಿ ಜೂನಿಪರ್ ಇಟಲಿಯದೆಂದೂ, ಕೊತ್ತಂಬರಿ ಮೊರಾಕೋದ್ದೆಂದೂ, ಬಾಲಮೆಣಸು ಜಾವದ್ದೆಂದೂ ಅವರೇ ಬರೆದುಕೊಂಡಿದ್ದಾರೆ. ನಮ್ಮ ನೆಲದ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಈಚಿನ ವರ್ಷಗಳಲ್ಲಿ ಕೇರಳವನ್ನೂ ಮೀರಿಸಿ ದೇಶದಲ್ಲೇ ಹೆಚ್ಚು ಕಾಳುಮೆಣಸು ಬೆಳೆಯುವ ರಾಜ್ಯ ಕರ್ನಾಟಕ. ನಮ್ಮ ಊರಿನ ಹೆಸರು ಹೊತ್ತ ಜಿನ್ನಿಗೆ ಮೆಣಸಿನ ಘಾಟು ಕೊಡಲು ಜಾವದ ಬಾಲಮೆಣಸು, ಪಶ್ಚಿಮ ಆಫ್ರಿಕದ ಕಾಳು! ಸಿಟ್ಟು ಬರಬೇಕಾದ ವಿಷಯವೇ. ಆದರೆ ಸಿಟ್ಟಿನ ನಡುವೆ ನ್ಯಾಯ ಬಿಡಬಾರದು: ಜಿನ್ನು ಹಗುರಾಗಿದೆ, ಹತ್ತೂ ದ್ರವ್ಯ ಒಂದನ್ನೊಂದು ತುಳಿಯದೆ ನಿಂತಿವೆ. ಕಲಿಯಬೇಕಾದದ್ದು ಅದನ್ನು. ಹೆಸರು ಕದ್ದವನ ಮೇಲಿನ ಸಿಟ್ಟಿಗೆ ಡಬ್ಬ ಡಬ್ಬ ಗರಂ ಮಸಾಲೆ ಸುರಿಯುವುದು ಉತ್ತರವಲ್ಲ.

ಉತ್ತರ ಕೊಡುವವರು ಬಂದಿದ್ದಾರೆ ಎಂಬುದೂ ನಿಜ. ೨೦೧೭ರಲ್ಲಿ ಗೋವದಿಂದ ಗ್ರೇಟರ್ ದ್ಯಾನ್ ಬಂತು, ಆಡಂಬರವಿಲ್ಲದ ಒಣ ಜಿನ್ನು. ಅವರೇ ಹಿಮಾಲಯದ ಜೂನಿಪರಿನಿಂದ ಹಪುಸ ಎಂಬುದನ್ನು ಮಾಡಿದರು. ೨೦೧೮ರಲ್ಲಿ ಸ್ಟ್ರೇಂಜರ್ ಅಂಡ್ ಸನ್ಸ್. ಅದರಲ್ಲಿ ಬಂಗಾಳದ ಗಂಧರಾಜ ನಿಂಬೆಯ ಸಿಪ್ಪೆಯಿದೆ. ಒಳ್ಳೆಯವೂ ಉಂಟು, ಅವರ ಬೆನ್ನಿಗೆ ಬಂದ ಕಳಪೆಯವೂ ಉಂಟು. ನಮ್ಮ ಕಡೆಯ ಕಂಚಿಕಾಯಿ, ಹೇರಳೆಕಾಯಿ, ಕೊಡಗಿನ ಕಿತ್ತಳೆ, ಲಾವಂಚದ ಬೇರು ಇವೆಲ್ಲಕ್ಕೆ ಇಂಥ ಭಟ್ಟಿಯಲ್ಲಿ ಎಂಥ ಜಾಗವಿದೆ ಎಂಬುದು ನಾವು ಮಾತಾಡಬೇಕಾದ ವಿಷಯ. ಲಾವಂಚ ಆಂಜೆಲಿಕ ಬೇರಿನ ಕೆಲಸವನ್ನು ಅರ್ಧವಾದರೂ ಮಾಡೀತೆಂದು ಆಕೆ ಹೇಳುತ್ತಾಳೆ. ಉಪ್ಪಿನಕಾಯಿಗಲ್ಲದೆ ಬೇರೆ ಬೆಲೆಯಿಲ್ಲದ ಹೇರಳೆಕಾಯಿಗೆ ಸಿಪ್ಪೆಯ ಲೆಕ್ಕದಲ್ಲಾದರೂ ಗಿರಾಕಿ ಸಿಕ್ಕರೆ ಶಿರಸಿಯ ಕಡೆಯ ಒಬ್ಬ ತೋಟದವನಿಗೆ ಲಾಭ. ಮಾತಾಡಲು ಬಂದವಳನ್ನು ಬಾಗಿಲಿನಿಂದ ಕಳಿಸಿದೆವು.

ಈಗ ನಮ್ಮ ತಪ್ಪು. ಬೇರೆಯವರ ಮೇಲೆ ಇಷ್ಟು ಬರೆದು ನಮ್ಮದನ್ನು ಮುಚ್ಚಿಟ್ಟರೆ ಮೀನಿನ ಮಸಾಲೆಯ ಮಾತು ನಮಗೇ ತಗಲುತ್ತದೆ. ನಮ್ಮ ಬಾರುಗಳಲ್ಲಿ ಜಿನ್ನಿಗೆ ಇರುವ ಸ್ಥಾನ ಗೊತ್ತೇ ಇದೆ: ‘ಲೇಡೀಸ್ ಡ್ರಿಂಕು’ ಎಂದು ಮೇಲಿನ ಕಪಾಟಿನ ಮೂಲೆ. ಕಾಕಂಬಿಯ ಮದ್ಯಸಾರಕ್ಕೆ ಜೂನಿಪರ್ ಎಸೆನ್ಸಿನ ನಾಲ್ಕು ಹನಿ ಬೆರೆಸಿದ ಅಗ್ಗದ ಸೀಸೆಗಳನ್ನು ನಾವು ವರ್ಷಗಟ್ಟಲೆ ಮಾರಿದ್ದೇವೆ. ಭಟ್ಟಿಯ ಮುಖವನ್ನೇ ಕಾಣದ ಮಾಲು. ಕಾನೂನಿಗೆ ಅದೂ ಜಿನ್ನೇ, ನಮಗೂ ಅದು ಜಿನ್ನೇ ಆಗಿತ್ತು. ಗಿರಾಕಿ ಮುಖ ಕಿವಿಚಿದರೆ ಲೈಮ್ ಕಾರ್ಡಿಯಲ್ ಸುರಿದೆವು, ಸಿಹಿ ಸೋಡ ಸುರಿದೆವು. ಅಂಥದಕ್ಕೆ ಆ ಸಿಹಿ ಬೇಕಿತ್ತು. ಆದರೆ ಈಗ ಒಳ್ಳೆಯ ಜಿನ್ನು ಬಂದಾಗಲೂ ನಮ್ಮ ಹುಡುಗರು ಅದೇ ಕೈಯಲ್ಲಿ ಅದೇ ಸಿಹಿ ಸೋಡವನ್ನು ಲೋಟದ ಕಂಠದವರೆಗೆ ಸುರಿಯುತ್ತಾರೆ. ಎರಡು ವರ್ಷ ಮಾಗಿದ ಕಾಯಿ, ಮೂರು ವರ್ಷ ಒಣಗಿದ ಗೆಡ್ಡೆ, ಯಾರದ್ದೋ ಮೂಗಿನ ಇಡೀ ದಿನದ ಕೆಲಸ, ಎಲ್ಲ ಒಂದು ಲೋಟ ಶರಬತ್ತಿನಲ್ಲಿ ಮುಳುಗಿಹೋಯಿತು. ಗಿರಾಕಿಗೆ ರುಚಿ ತಿಳಿಯುವುದಿಲ್ಲವೆಂದು ನಾವು ದೂರುತ್ತೇವೆ. ತಿಳಿಯಲು ನಾವು ಯಾವತ್ತು ಬಿಟ್ಟೆವು?

ಆಕೆ ಹೋಗುವ ಮೊದಲು ಎರಡು ಲೋಟದಲ್ಲಿ ಐಸು ನೀರು ಹಾಕಿ, ಒಂದಕ್ಕೆ ಒಂದು ಚಮಚ ತನ್ನ ಭಟ್ಟಿಯದನ್ನೂ ಇನ್ನೊಂದಕ್ಕೆ ಮಸಾಲೆ ತುಂಬಿದ ಬೇರೊಂದು ಮಾದರಿಯನ್ನೂ ಹಾಕಿ ತೋರಿಸಿದಳು. ಮೊದಲನೆಯದು ತಿಳಿಯಾಗಿಯೇ ಉಳಿಯಿತು. ಎರಡನೆಯದು ಅಕ್ಕಿ ತೊಳೆದ ನೀರಿನಂತೆ ಮಂಜಾಯಿತು. ಎಣ್ಣೆ ಮಿತಿಮೀರಿದರೆ ನೀರು ತಾಗಿದೊಡನೆ ಹೀಗೆ ಒಡೆದು ತೋರುತ್ತದಂತೆ. ಸುಳ್ಳು ಹೇಳುವ ಲೇಬಲನ್ನು ಹಿಡಿದುಕೊಡಲು ಇಷ್ಟು ಸುಲಭದ ಉಪಾಯವಿದೆಯೆಂದು ನಮಗೆ ಯಾರೂ ಹೇಳಿರಲಿಲ್ಲ. ಮಂಜಾದದ್ದೆಲ್ಲ ಕೆಟ್ಟದ್ದೆಂದೇನೂ ಅಲ್ಲ, ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ, ಆದರೆ ‘ಹಗುರ, ಹದ’ ಎಂದು ಬರೆದುಕೊಂಡವನ ಲೋಟ ಹಾಗಾಗಬಾರದು.

ಕೊನೆಗೆ ಆ ಹಿರಿಯರಿಗೆ ಒಂದು ಮಾತು. ಕುಡಿತ ಮನೆ ಹಾಳುಮಾಡುತ್ತದೆಂದು ತಾವು ಬರೆದಿದ್ದೀರಿ. ನಾವು ಅಲ್ಲಗಳೆಯುವುದಿಲ್ಲ. ತಾವು ಕೇಳಿದ್ದೀರಿ, ನಾವು ಗಲ್ಲೆಯ ಹಿಂದಿನಿಂದ ಕಂಡಿದ್ದೇವೆ. ಪಗಾರದ ದಿನ ಬಾಗಿಲಲ್ಲಿ ನಿಂತ ಹೆಂಡತಿಯನ್ನು ಕಂಡಿದ್ದೇವೆ, ನಮ್ಮವರ ಮಕ್ಕಳೇ ಹಾಳಾದದ್ದನ್ನೂ ಕಂಡಿದ್ದೇವೆ. ನಮ್ಮ ರಾಜ್ಯದಲ್ಲಿ ೧೯೪೯ರ ಪಾನನಿರೋಧ ಕಾಯಿದೆ ಇವತ್ತಿಗೂ ಇದೆ; ಪರ್ಮಿಟ್ ರೂಮು ಎಂಬ ಹೆಸರೇ ಅದರಿಂದ ಬಂದದ್ದು. ಇಪ್ಪತ್ತೈದು ತುಂಬದವನಿಗೆ ಜಿನ್ನು ಕೊಡುವಂತಿಲ್ಲ, ಕೊಡಬಾರದು ಕೂಡ. ಬೇಡವೆಂದು ಬಿಟ್ಟವರಿಗೆ ನಮ್ಮ ನಮಸ್ಕಾರ. ಆದರೆ ಮೌನದಿಂದ ಯಾವ ಮನೆ ಉಳಿದಿದೆ? ಲಂಡನಿನವರೂ ಒಂದು ಕಾಲದಲ್ಲಿ ಜಿನ್ನಿನ ಹೊಡೆತಕ್ಕೆ ಬೀದಿಪಾಲಾಗಿದ್ದರು. ೧೭೩೬ರಲ್ಲಿ ಕಡು ತೆರಿಗೆಯ ಕಾನೂನು ತಂದರು, ಕದ್ದು ಮಾರುವುದು ಹೆಚ್ಚಾಯಿತು. ೧೭೫೧ರಲ್ಲಿ ಯಾರು ಮಾರಬೇಕು, ಎಲ್ಲಿ ಮಾರಬೇಕೆಂಬುದಕ್ಕೆ ಕಟ್ಟು ಹಾಕಿದರು. ಅದೇ ವರ್ಷ ಹೊಗಾರ್ತ್ ಎಂಬ ಚಿತ್ರಕಾರ ಜಿನ್ನಿನ ಬೀದಿಯ ಚಿತ್ರ ಬರೆದು ಊರಿನ ಮುಖಕ್ಕೆ ಹಿಡಿದ. ಮುಂದಿನ ವರ್ಷಗಳಲ್ಲಿ ಕುಡಿತ ಇಳಿಯಿತು. ಧಾನ್ಯದ ಬೆಲೆ ಏರಿದ್ದೂ ಅದಕ್ಕೆ ಕಾರಣವೆನ್ನುತ್ತಾರೆ, ಇರಲಿ. ಆ ಮಾತು ಮಾತ್ರ ಊರಿನ ಮಧ್ಯದಲ್ಲಿ, ಎಲ್ಲರ ಕಿವಿಗೆ ಬೀಳುವ ಹಾಗೆ ನಡೆಯಿತು. ನಾವೋ, ಹಿಂದಿನ ಬಾಗಿಲಿನಿಂದ ದೇಣಿಗೆ ತೆಗೆದುಕೊಂಡು ಮುಂದಿನ ಬಾಗಿಲಲ್ಲಿ ಗಂಗಾಜಲ ಚಿಮುಕಿಸುತ್ತೇವೆ. ಮಾರುವುದು ಮರ್ಯಾದೆಯಾದರೆ, ಮಾಡುವ ವಿದ್ಯೆಯನ್ನು ಕಲಿತ ಮಗಳು ಹೇಗೆ ಮರ್ಯಾದೆಗೇಡಾದಳು ಎಂಬುದನ್ನು ತಾವೇ ಬಿಡಿಸಿ ಬರೆಯಬೇಕು. ಮುಂದಿನ ಸಂಚಿಕೆಯಲ್ಲಿ ನಾವು ಕಾದು ಓದುತ್ತೇವೆ.

ಅಲ್ಲಿಯವರೆಗೆ ನಾವು ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಸಭಾಗೃಹ ಸಿಗದಿದ್ದರೆ ಬೇಡ. ಮುಂದಿನ ಡ್ರೈ ಡೇ ದಿನ ನಮ್ಮ ಬಾರಿನ ಮಹಡಿ ಹೇಗೂ ಖಾಲಿ. ಅಂದು ಸಂಜೆ ಐದಕ್ಕೆ ಆಕೆ ಮಾತಾಡುತ್ತಾಳೆ. ಮೇಜಿನ ಮೇಲೆ ಕೊತ್ತಂಬರಿ, ಜೂನಿಪರ್, ಲಾವಂಚ, ಹೇರಳೆಕಾಯಿ ಸಿಪ್ಪೆ ಇರುತ್ತವೆ, ಮೂಸುವುದಕ್ಕೆ. ಕಪಾಟುಗಳಿಗೆ ಬೀಗ. ಕುಡಿಯಲು ಕಾಪಿ, ತಿನ್ನಲು ಕೊಟ್ಟೆ ಕಡುಬು. ಹೆಂಗಸರು, ಮಕ್ಕಳು, ಪತ್ರ ಬರೆದ ಇಬ್ಬರೂ ಬರಬೇಕು.